ಎರಡು ಊರಿನ ಹೆಂಗಸರು

ಮಂದಿ ಕೂಡಿಸುವ ವಿದ್ಯೆಯನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಳಂದದ ಲಾಡ್ಲೆ ಮಶಾಕ ದರ್ಗಾದ ಉರುಸು ಬಂತೆಂದರೆ ಊರಿನ ಯಾವ ಮನೆಯಲ್ಲೂ ಹಾಸಲು ಹೊದೆಯಲು ಸಾಲುವುದಿಲ್ಲ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ದತ್ತ ಜಯಂತಿಯ ಹೊತ್ತಿಗೆ ಮಹಾರಾಷ್ಟ್ರದಿಂದಲೂ ಜನ ಹರಿದು ಬಂದು ಭೀಮಾ ಅಮರ್ಜಾ ಸಂಗಮದಲ್ಲಿ ಮೀಯುತ್ತಾರೆ. ಅದೇ ತಾಲ್ಲೂಕಿನ ಘತ್ತರಗಿ ಭಾಗ್ಯವಂತಿಗೆ ನಡೆದುಕೊಳ್ಳುವವರಿಗೆ ಲೆಕ್ಕವಿಲ್ಲ. ಜೇವರ್ಗಿಯಲ್ಲಿ ಮಹಾಲಕ್ಷ್ಮಿಯ ಜಾತ್ರೆ. ಕರಪತ್ರ ಓದಿಕೊಂಡು ಇಲ್ಲಿಗೆ ಬರುವವರು ಕಡಿಮೆ. ಹೋದ ವರ್ಷ ಬಂದಿದ್ದೆವು, ಈ ವರ್ಷವೂ ಬರಬೇಕು ಎಂದು ಬರುವವರೇ ಹೆಚ್ಚು.

ಇಂಥ ಸೀಮೆಯಲ್ಲಿ ಫುಟ್‌ಬಾಲ್ ಆಡುವ ಹುಡುಗರು ನೋಡುವವರಿಲ್ಲದೆ ಆಡುತ್ತಾರೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಫುಟ್‌ಬಾಲ್ ದೊಡ್ಡ ಆಟವೇನಲ್ಲ. ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲ್, ಜಾತ್ರೆಯ ಕುಸ್ತಿ, ಇವೆಲ್ಲ ಆದ ಮೇಲೆ ಅದರ ಪಾಳಿ. ಆಳಂದ ನನ್ನ ತವರು, ಜೇವರ್ಗಿ ಅತ್ತೆಮನೆ, ಅಫಜಲಪುರ ತಾಲ್ಲೂಕಿನಲ್ಲಿ ಹೈಸ್ಕೂಲಿನ ಮಕ್ಕಳಿಗೆ ಬಹಳ ವರ್ಷ ಇತಿಹಾಸ ಕಲಿಸಿದೆ. ಹೀಗಾಗಿ ಮೂರೂ ಊರಿನ ಹುಡುಗರು ನನಗೆ ಪರಿಚಯ. ಅವರಲ್ಲಿ ಒಬ್ಬ, ಈಗ ಒಂದು ತಂಡ ಕಟ್ಟಿಕೊಂಡವನು, ಒಮ್ಮೆ ಕೇಳಿದ: “ಟೀಚರ್ರೀ, ನೀವು ಇತಿಹಾಸ ಕಲಿಸಿದವರು. ಹಿಂದಿನ ಕಾಲದಾಗ ಆಟ ನೋಡ್ಲಾಕ ಮಂದಿ ಹ್ಯಾಂಗ ಬರ್ತಿದ್ರು ಹೇಳ್ರಿ. ನಮ್ಮ ಮ್ಯಾಚಿಗೆ ಇಪ್ಪತ್ತು ಮಂದಿನೂ ಬರವಲ್ರು.”

“ಆ ಇಪ್ಪತ್ತು ಮಂದಿಯೊಳಗ ಹೆಣ್ಮಕ್ಕಳು ಎಷ್ಟು ಇರ್ತಾರಪ್ಪ?” ಎಂದೆ. ಅವನು ನಕ್ಕ. ಅಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ನನಗೆ ಮಾತ್ರ ಉತ್ತರ ಅಲ್ಲೇ ಇದೆ ಎನಿಸಿತು. ಮೇಲೆ ಹೇಳಿದ ಜಾತ್ರೆ ಉರುಸುಗಳನ್ನು ನೆನೆಯಿರಿ. ಅಲ್ಲಿ ಸೇರುವ ಮಂದಿಯಲ್ಲಿ ಅರ್ಧಕ್ಕರ್ಧ ನಾವೇ. ಹೆಂಗಸು ಹೊರಟಳೆಂದರೆ ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಒಂದು, ಜೊತೆಗೆ ಅತ್ತೆ, ನಾದಿನಿ, ನೆರೆಮನೆಯವಳು. ಗಂಡಸು ಬಂದರೆ ಒಬ್ಬನೇ ಬಂದಂತೆ. ಹೆಂಗಸು ಬಂದರೆ ಮನೆಯೇ ಬಂದಂತೆ.

ಆಳಂದದಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮಾಳಿಗೆಯ ಮೇಲಿಂದ ಒಂದು ಬಯಲು ಕಾಣುತ್ತಿತ್ತು. ಹುಡುಗರು ಸಂಜೆ ಅಲ್ಲಿ ಚೆಂಡು ಒದೆಯುತ್ತಿದ್ದರು. ನಾವು ಹುಡುಗಿಯರು ಹಪ್ಪಳ ಸಂಡಿಗೆ ತೆಗೆಯುವ ನೆಪದಲ್ಲಿ ಮಾಳಿಗೆ ಏರಿ ಅರ್ಧ ಆಟ ನೋಡುತ್ತಿದ್ದೆವು. ಇನ್ನರ್ಧವನ್ನು ಬೇವಿನ ಮರ ಮುಚ್ಚುತ್ತಿತ್ತು. ಆ ಬಯಲನ್ನು ದಾಟಿ ಹೋಗಲು ಅಡ್ಡಿಯಿರಲಿಲ್ಲ, ನೀರಿಗೆ ಅದೇ ಹಾದಿ. ಕೊಡ ಹೊತ್ತು ದಾಟಬಹುದಿತ್ತು, ಕೊಡ ಇಳಿಸಿ ನಿಂತರೆ ಮಾತು ಬರುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಆಟದ ಮಾಸ್ತರರನ್ನು, ನಾವೂ ಚೆಂಡು ಒದೆಯಬಹುದೇ ಎಂದು ಕೇಳಿದೆ. “ನಿಮಗ ಥ್ರೋಬಾಲ್ ಅದ ಅಲ್ಲವಾ” ಎಂದರು. ಅಲ್ಲಿಗೆ ಮಾತು ಮುಗಿಯಿತು.

ಹುಡುಗ ಕೇಳಿದ್ದು ಇತಿಹಾಸ. ನಮ್ಮದೇ ಸೀಮೆಯಿಂದ ಶುರು ಮಾಡೋಣ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ್ದು. ಅಂದಿನ ಹೈದರಾಬಾದಿನ ಫುಟ್‌ಬಾಲ್ ಎಂದರೆ ಸಣ್ಣ ಮಾತಲ್ಲ. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಮುಂಬಯಿಯ ರೋವರ್ಸ್ ಕಪ್ಪನ್ನು ಸತತ ಐದು ವರ್ಷ ಗೆದ್ದಿತು. ಅದನ್ನು ತಿದ್ದಿದವರು ಸಯ್ಯದ್ ಅಬ್ದುಲ್ ರಹೀಮ್, ಮೂಲತಃ ಶಾಲೆಯ ಮಾಸ್ತರರು. ಅವರೇ ಭಾರತ ತಂಡಕ್ಕೂ ಕಲಿಸಿದರು. 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದುಕೊಟ್ಟರು. ನಮ್ಮ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ರಹೀಮ್ ಸಾಹೇಬರ ತಂಡ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಒಬ್ಬರೇ ಮೂರು ಗೋಲು ಹೊಡೆದರು. ಆ ತಂಡದಲ್ಲಿ ಹೈದರಾಬಾದಿನವರು ಹಲವರಿದ್ದರು, ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಭಾರತ ನಾಲ್ಕನೆಯ ಸ್ಥಾನಕ್ಕೆ ಬಂತು. 2024ರಲ್ಲಿ ಬಂದ ‘ಮೈದಾನ್’ ಸಿನಿಮಾ ನೋಡಿದವರಿಗೆ ಈ ಕಥೆ ಗೊತ್ತು. ರಹೀಮ್ 1963ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಹೈದರಾಬಾದಿನ ಫುಟ್‌ಬಾಲ್ ಆಮೇಲೆ ಆ ಎತ್ತರಕ್ಕೆ ಮತ್ತೆ ಏರಲಿಲ್ಲ. ಒಳ್ಳೆಯ ಆಟವಿದ್ದರೆ ಜನ ತಾವಾಗಿ ಬರುತ್ತಾರೆ ಎನ್ನುವವರು ಇದನ್ನು ನೆನಪಿಡಬೇಕು. ಆಟ ಒಬ್ಬ ಗುರುವಿನಿಂದ ಬೆಳೆಯಬಹುದು, ಆದರೆ ಮನೆಮನೆಯಲ್ಲಿ ಬೇರು ಬಿಡದಿದ್ದರೆ ಅದು ಆ ಗುರುವಿನ ಆಯುಷ್ಯಕ್ಕಿಂತ ಬಹಳ ಬಾಳುವುದಿಲ್ಲ.

ಹಾಗಾದರೆ ಜನ ಯಾಕೆ ಬರುತ್ತಾರೆ? 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಷೈರ್ ತುಕಡಿಯನ್ನು ಐಎಫ್ಎ ಷೀಲ್ಡ್ ಫೈನಲಿನಲ್ಲಿ 2–1ರಿಂದ ಸೋಲಿಸಿತು. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಿನವರು. ನೋಡಲು ಬಂದವರಿಗಾಗಿ ವಿಶೇಷ ರೈಲು ಬಿಟ್ಟಿದ್ದರು. ಹತ್ತಿರ ಸುಳಿಯಲೂ ಜಾಗ ಸಿಗದೆ ದೂರ ನಿಂತವರಿಗೆ ಗಾಳಿಪಟ ಹಾರಿಸಿ ಗೋಲಿನ ಸುದ್ದಿ ತಿಳಿಸುತ್ತಿದ್ದರಂತೆ. ಅಷ್ಟು ಜನ ಬಂದದ್ದು ಚೆಂಡಿನ ಚಮತ್ಕಾರ ನೋಡಲಿಕ್ಕಲ್ಲ, ಆಡುವವರು ತಮ್ಮವರು ಎಂದು. ಇದು ಮೊದಲನೆಯ ಪಾಠ. ಎದುರಿನ ಓಣಿಯ ಹುಡುಗ ಎಷ್ಟೇ ಕೆಟ್ಟದಾಗಿ ಆಡಲಿ, ಅವನನ್ನು ನೋಡಲು ಬರುವವರು ಇದ್ದೇ ಇರುತ್ತಾರೆ.

ಎರಡನೆಯ ಪಾಠಕ್ಕೆ ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಗಿರಣಿ ಊರಿಗೆ ಹೋಗಬೇಕು. ಅಲ್ಲಿಯ ಕ್ಲಬ್ಬು ಒಂದು ಕಾಲದಲ್ಲಿ ಹೆಂಗಸರನ್ನು ಬಿಟ್ಟಿ ಒಳಗೆ ಬಿಡುತ್ತಿತ್ತು. ನಾಲ್ಕು ಮಂದಿ ಮರ್ಯಾದಸ್ಥ ಹೆಂಗಸರು ಬಂದರೆ ಆಟದ ಅಂಗಳಕ್ಕೆ ಶೋಭೆ ಎಂಬ ಲೆಕ್ಕ ಇದ್ದಿರಬೇಕು. 1885ರ ಈಸ್ಟರ್ ಹಬ್ಬದಲ್ಲಿ ನಾಲ್ಕು ಮಂದಿಯಲ್ಲ, ಎರಡು ಸಾವಿರ ಹೆಂಗಸರು ಬಂದರು. ಕ್ಲಬ್ಬಿನವರು ಬೆಚ್ಚಿ ಬಿಟ್ಟಿ ಪ್ರವೇಶವನ್ನೇ ನಿಲ್ಲಿಸಿಬಿಟ್ಟರು. ಕರೆದರೆ ಬರುತ್ತಾರೆ ಎಂಬುದು ಅವರಿಗೇ ಗೊತ್ತಿರಲಿಲ್ಲ.

ಅದೇ ಪ್ರೆಸ್ಟನ್ನಿನಲ್ಲಿ ಡಿಕ್ ಕೆರ್ ಎಂಬ ಕಾರ್ಖಾನೆ. ಮೊದಲನೆಯ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಹೆಂಗಸರು ಅಲ್ಲಿ ಮದ್ದುಗುಂಡು ಮಾಡಿದರು. ಊಟದ ಬಿಡುವಿನಲ್ಲಿ ಚೆಂಡು ಒದೆಯತೊಡಗಿದರು. 1917ರ ಕ್ರಿಸ್‌ಮಸ್ ದಿನ, ಗಾಯಗೊಂಡ ಸಿಪಾಯಿಗಳ ಆಸ್ಪತ್ರೆಗೆ ಹಣ ಕೂಡಿಸಲು ಪಂದ್ಯ ಇಟ್ಟರು. ಹತ್ತು ಸಾವಿರ ಜನ ಬಂದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಅವರ ಆಟ ನೋಡಲು 53,000 ಜನ ಒಳಗೆ, ಜಾಗ ಸಿಗದ ಸಾವಿರಾರು ಜನ ಹೊರಗೆ. ಇಷ್ಟಾದ ಮೇಲೆ ಸನ್ಮಾನ ಆಗಬೇಕಿತ್ತಲ್ಲವೇ? ಆಯಿತು. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕುದಲ್ಲ ಎಂದು ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಅವರು ಆಡದಂತೆ ತಡೆಯಿತು. ಆ ತಡೆ ತೆಗೆಯಲು ಸುಮಾರು ಐವತ್ತು ವರ್ಷ ಬೇಕಾಯಿತು. ನನಗೆ ಥ್ರೋಬಾಲ್ ತೋರಿಸಿದ ಮಾಸ್ತರರ ಮಾತಿಗೆ ಸಮುದ್ರದಾಚೆಯೂ ಬೇರಿತ್ತು ಎಂದು ನನಗೆ ತಿಳಿದದ್ದು ತಲೆ ನರೆತ ಮೇಲೆ.

ಇನ್ನೊಂದು ಸಂಗತಿ ಇತ್ತೀಚಿನದು. 2011ರಲ್ಲಿ ತುರ್ಕಿಯ ಇಸ್ತಾಂಬುಲಿನಲ್ಲಿ ಫೆನರ್ಬಾಚೆ ಎಂಬ ಕ್ಲಬ್ಬಿನ ಅಭಿಮಾನಿ ಗಂಡಸರು ಆಟದ ನಡುವೆ ಮೈದಾನಕ್ಕೆ ನುಗ್ಗಿ ಗದ್ದಲ ಎಬ್ಬಿಸಿದರು. ಶಿಕ್ಷೆಯಾಗಿ ಖಾಲಿ ಅಂಗಳದಲ್ಲಿ ಆಡಬೇಕಿತ್ತು. ಅದರ ಬದಲು, ಹೆಂಗಸರು ಮತ್ತು ಹನ್ನೆರಡು ವರ್ಷದ ಒಳಗಿನ ಮಕ್ಕಳನ್ನು ಮಾತ್ರ ಬಿಟ್ಟಿ ಬಿಡಬೇಕೆಂದು ಅಲ್ಲಿಯ ಸಂಸ್ಥೆ ನಿರ್ಣಯಿಸಿತು. ಸೆಪ್ಟೆಂಬರ್ 20ರಂದು ಬಂದವರು 41,000ಕ್ಕೂ ಹೆಚ್ಚು. ಆಟಗಾರರು ಅವರತ್ತ ಹೂ ಎಸೆದರು. ಗಂಡಸರಿಗೆ ಶಿಕ್ಷೆಯಾದ ದಿನ ಹೆಂಗಸರಿಗೆ ಹಬ್ಬವಾಯಿತು. ಅಷ್ಟೂ ಹೆಂಗಸರು ಅದೇ ಊರಿನವರು, ಅಲ್ಲಿಯವರೆಗೂ ಮನೆಯಲ್ಲೇ ಇದ್ದವರು.

ಇದು ನಗುವ ಕಥೆ. ಅಳುವ ಕಥೆಯೂ ಇದೆ. ಇರಾನಿನಲ್ಲಿ ಗಂಡಸರ ಫುಟ್‌ಬಾಲ್ ನೋಡಲು ಹೆಂಗಸರಿಗೆ ದಶಕಗಳ ಕಾಲ ಅಂಗಳದ ಬಾಗಿಲು ಮುಚ್ಚಿತ್ತು. ಸಹರ್ ಖೊದಾಯಾರಿ ಎಂಬ ಹುಡುಗಿ ಗಂಡುವೇಷದಲ್ಲಿ ಆಟ ನೋಡಲು ಹೋಗಿ ಸಿಕ್ಕಿಬಿದ್ದಳು. ಜೈಲಾಗಬಹುದೆಂದು ಕೇಳಿ 2019ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯದ ಹೊರಗೆ ಮೈಗೆ ಬೆಂಕಿ ಹಚ್ಚಿಕೊಂಡು ಕೆಲವು ದಿನಗಳಲ್ಲಿ ತೀರಿಕೊಂಡಳು. ಮರು ತಿಂಗಳು, ಅಕ್ಟೋಬರ್ 10ರಂದು, ಟೆಹರಾನಿನ ಆಜಾದಿ ಅಂಗಳದಲ್ಲಿ ಹೆಂಗಸರಿಗೂ ಟಿಕೆಟ್ಟು ಕೊಟ್ಟರು. ಒಂದು ಆಟ ನೋಡಲು ಒಂದು ಜೀವದ ಬೆಲೆ. ನಮ್ಮ ಊರುಗಳಲ್ಲಿ ಅಂಥ ಕಾನೂನು ಎಂದೂ ಇರಲಿಲ್ಲ. ನಮ್ಮನ್ನು ತಡೆದದ್ದು ಕಾನೂನಲ್ಲ, ಬರಿಯ ನೋಟ. ನೋಟಕ್ಕೆ ಬಾಗಿಲಿಲ್ಲ, ಆದ್ದರಿಂದ ಅದನ್ನು ತೆರೆಯುವುದೂ ಕಷ್ಟ.

ಇಷ್ಟು ದೂರ ಹೋಗುವುದೇಕೆ, ನಮ್ಮ ರಾಜ್ಯದಲ್ಲೇ ದಾರಿ ತೋರಿಸಿದವರಿದ್ದಾರೆ. ಆಟ ಬೇರೆ, ಹಾಕಿ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪ ಎಂಬವರು 1997ರಲ್ಲಿ ಕರಡ ಎಂಬ ಊರಿನಲ್ಲಿ ಕೊಡವ ಮನೆತನಗಳ ಹಾಕಿ ಹಬ್ಬ ಶುರುಮಾಡಿದರು. ಮೊದಲ ವರ್ಷ 60 ಮನೆತನಗಳು. ಪ್ರತಿ ಸಲ ಒಂದೊಂದು ಮನೆತನದವರು ಹೊಣೆ ಹೊತ್ತು ಹಬ್ಬ ನಡೆಸುತ್ತಾರೆ, ಹಬ್ಬಕ್ಕೆ ಆ ಮನೆತನದ್ದೇ ಹೆಸರು. ತಂಡ ಎಂದರೆ ಮನೆತನ. ಅಲ್ಲಿ ಅಜ್ಜನೂ ಆಡಬಹುದು, ಮೊಮ್ಮಗನೂ ಆಡಬಹುದು, ಹೆಣ್ಣುಮಕ್ಕಳು ಗಂಡಸರ ಜೊತೆಯಲ್ಲೇ ಕೋಲು ಹಿಡಿಯುತ್ತಾರೆ. 2024ರಲ್ಲಿ ಕುಂಡ್ಯೋಳಂಡ ಮನೆತನದವರು ನಾಪೋಕ್ಲಿನಲ್ಲಿ ನಡೆಸಿದ ಹಬ್ಬಕ್ಕೆ 360 ಮನೆತನಗಳು ಬಂದವು, ಗಿನ್ನೆಸ್ ದಾಖಲೆಯೂ ಆಯಿತು. ಮನೆಯ ಮಗಳು ಆಡುತ್ತಿದ್ದರೆ ಯಾವ ತಾಯಿ ಮನೆಯಲ್ಲಿ ಕೂತಿರುತ್ತಾಳೆ? ಅಲ್ಲಿ ಪ್ರೇಕ್ಷಕರನ್ನು ಕರೆಯುವ ಕೆಲಸವೇ ಇಲ್ಲ, ಎಲ್ಲರೂ ಮನೆಯವರು.

ಇನ್ನು ನಮ್ಮ ಮೂರು ಊರುಗಳ ಮಾತು. ಹುಡುಗನಿಗೆ ನಾನು ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ, ಓದುವ ಅಕ್ಕತಂಗಿಯರೂ ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ಮೊದಲು ನೆಲ. ನಮ್ಮದು ಎರೆ ಭೂಮಿ, ತೊಗರಿ ಬೆಳೆಯುವ ಕಪ್ಪು ಮಣ್ಣು. ಮಳೆ ಬಿದ್ದರೆ ಕಾಲು ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಬಯಲಿಗೆ ಗರಸು ಹಾಕಿಸಿ ಹದ ಮಾಡದೆ ಆಟವಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿಗೆ ಯಾವ ತಾಯಿಯೂ ಕೂಸು ಎತ್ತಿಕೊಂಡು ಬರುವುದಿಲ್ಲ. ದಸರೆಯಿಂದ ಶಿವರಾತ್ರಿಯವರೆಗೆ ನಮ್ಮ ಆಟದ ಕಾಲ. ಅದರಲ್ಲೂ ರಾಶಿಯ ದಿನಗಳನ್ನು ಬಿಟ್ಟು, ಸಂಜೆ ರೊಟ್ಟಿ ತಟ್ಟುವ ಹೊತ್ತಿಗೆ ಮುಂಚೆ ಮುಗಿಯುವಂತೆ, ಹಳ್ಳಿಯ ಕೊನೆಯ ಬಸ್ಸು ತಪ್ಪದಂತೆ ಆಟ ಇಡಬೇಕು. ಅತಿಥಿಗಳ ಭಾಷಣ ಐದು ನಿಮಿಷ ಮೀರಬಾರದು.

ಹೆಂಗಸರು ಬಯಲಿನಲ್ಲಿ ಬಂದು ಕೂಡುವುದಿಲ್ಲ ಎನ್ನುವವರು ಎಳ್ಳಮಾವಾಸ್ಯೆಯ ದಿನ ಜೇವರ್ಗಿಯ ದಾರಿ ಹಿಡಿಯಲಿ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಉಂಡು, ಹೊತ್ತು ಇಳಿಯುವವರೆಗೆ ಕೂತಿರುತ್ತೇವೆ. ನಮಗೆ ಬೇಕಾದದ್ದು ಸೋಫಾ ಕುರ್ಚಿಯಲ್ಲ. ಕೂಡಲು ಒಂದು ಜಮಖಾನೆ, ಬಿಸಿಲು ಬೆನ್ನಿಗೆ ಬೀಳುವಂತೆ ಪಡುವಣ ದಿಕ್ಕಿಗೆ ಒಂದು ಪೆಂಡಾಲು, ಕುಡಿಯಲು ನೀರು. ಮಲಬಾರಿನಲ್ಲಿ ಏಳೇಳು ಜನರ ಫುಟ್‌ಬಾಲ್ ನೋಡಲು ಹಳ್ಳಿಹಳ್ಳಿಯಲ್ಲಿ ತಾತ್ಕಾಲಿಕ ಗ್ಯಾಲರಿ ಕಟ್ಟುತ್ತಾರೆ, ರಾತ್ರಿ ದೀಪದಲ್ಲಿ ಆಡಿಸುತ್ತಾರೆ, ಜನ ತುಂಬಿ ತುಳುಕುತ್ತಾರೆ. ಏಳು ಜನರ ಆಟ ಸಣ್ಣ ಊರಿಗೆ ಒಳ್ಳೆಯದೇ. ಆದರೆ 2022ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಅಂಥ ಒಂದು ಗ್ಯಾಲರಿ ಕುಸಿದು ಬಹಳ ಮಂದಿಗೆ ಪೆಟ್ಟಾಯಿತು. ಮಕ್ಕಳನ್ನು ಕರೆತನ್ನಿ ಎಂದು ಹೇಳುವವರು ನೆಲದ ಮೇಲೆ ಕೂಡಿಸುವುದೇ ಕ್ಷೇಮ.

ಟಿಕೆಟ್ಟಿನ ಮಾತು ಬಂದಾಗ ಹುಡುಗ, “ಹೆಣ್ಮಕ್ಕಳಿಗೆ ಫ್ರೀ ಇಡ್ತೀವಿ ಟೀಚರ್ರೀ” ಎಂದ. ಬೇಡ ಎಂದೆ. ಪ್ರೆಸ್ಟನ್ನಿನ ಕಥೆ ಅದಕ್ಕೇ ಹೇಳಿದ್ದು. ಗಂಡಸರಿಗೆ ಹತ್ತು ರೂಪಾಯಿ ಇದ್ದರೆ ನಮಗೆ ಐದಿರಲಿ, ಆದರೆ ಇರಲಿ. ಬಿಟ್ಟಿ ಬಂದವಳನ್ನು ಎದ್ದೇಳು ಎನ್ನಬಹುದು, ಚೀಟಿ ಹಿಡಿದು ಕೂತವಳನ್ನು ಎನ್ನಲಾಗದು. ಸ್ವಸಹಾಯ ಸಂಘದ ಹೆಂಗಸರು ಅಲ್ಲೇ ಸುಸಲಾ ಮಿರ್ಚಿ ಭಜ್ಜಿ ಮಾಡಿ ಮಾರಲಿ, ಅವರ ಪೈಕಿ ಇಬ್ಬರು ಕ್ಲಬ್ಬಿನ ಕಮಿಟಿಯಲ್ಲಿರಲಿ. ಆಟ ಯಾವ ಹೊತ್ತಿಗೆ ಇಡಬೇಕೆಂಬುದು ಒಲೆಯ ಮುಂದೆ ಇರುವವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಹುಡುಗರ ಪಂದ್ಯಕ್ಕೆ ಮೊದಲು ಅರ್ಧ ತಾಸು ಶಾಲೆಯ ಹುಡುಗಿಯರ ಪಂದ್ಯ ಇಡಬೇಕು. ಹದಿನಾಲ್ಕು ಹುಡುಗಿಯರು ಆಡಿದರೆ ಹದಿನಾಲ್ಕು ಮನೆಗಳ ತಾಯಂದಿರು, ಅಜ್ಜಿಯರು, ಚಿಕ್ಕಮ್ಮಂದಿರು ಬರುತ್ತಾರೆ. ಮೈಕು ಹಿಡಿದವನು ಆಟಗಾರನ ಹೆಸರಿನ ಜೊತೆ ಓಣಿಯ ಹೆಸರನ್ನೂ ತಾಯಿಯ ಹೆಸರನ್ನೂ ಕೂಗಿ ಹೇಳಬೇಕು. ಮಗನಿಗೆ ಬೆಳ್ಳಿ ಕಡಗ ತೊಡಿಸುವಾಗ ತಾಯಿಯ ಹೆಸರು ಹೇಳಿದರೆ, ಮುಂದಿನ ವಾರ ಆ ತಾಯಿ ಓಣಿಯನ್ನೇ ಕಟ್ಟಿಕೊಂಡು ಬರುತ್ತಾಳೆ.

ಕಡೆಯದಾಗಿ, ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಊರಿನ ತಂಡಗಳು ಒಂದೊಂದು ಸಲ ಒಂದೊಂದು ಊರಿನಲ್ಲಿ ಆಡಬೇಕು. ಕಲಬುರಗಿಯಿಂದ ಆಳಂದಕ್ಕೂ ಜೇವರ್ಗಿಗೂ ನಲವತ್ತು ಕಿಲೋಮೀಟರಿನ ಆಸುಪಾಸು, ಕಟ್ಟಿಸಂಗಾವಿಯ ಸೇತುವೆ ದಾಟಿದರೆ ಜೇವರ್ಗಿ ಬಂದಂತೆಯೇ. ಹೊರಗಿನ ತಂಡಕ್ಕೆ ಇಲ್ಲಿ ಯಾರು ಜೈ ಅನ್ನುತ್ತಾರೆ ಎಂದು ಹುಡುಗ ಕೇಳಿದ. ಗಂಡಸರು ಹುಟ್ಟಿದ ಊರೊಂದನ್ನೇ ಬಲ್ಲವರು, ಅವರಿಗೆ ಈ ಸಂಶಯ ಬರುವುದು ಸಹಜ. ಹೆಂಗಸಿಗೆ ಊರು ಎರಡು. ಜೇವರ್ಗಿಯಲ್ಲಿ ಆಳಂದದ ಮಗಳಂದಿರು ಎಷ್ಟಿಲ್ಲ, ಆಳಂದದಲ್ಲಿ ಅಫಜಲಪುರದ ಸೊಸೆಯರು ಎಷ್ಟಿಲ್ಲ! ಹಬ್ಬಕ್ಕೆ ಕರೆಯಲು ಅಣ್ಣ ಬರುವುದನ್ನು ವರ್ಷವಿಡೀ ಕಾಯುವ ಹೆಣ್ಣು, ತವರಿನ ಹನ್ನೊಂದು ಹುಡುಗರು ತನ್ನೂರಿಗೇ ಬಂದಿದ್ದಾರೆ ಎಂದರೆ ಮನೆಯಲ್ಲಿ ಕೂಡುತ್ತಾಳೆಯೇ? ಗಂಡ ಒಂದು ಕಡೆ, ಅವಳು ಇನ್ನೊಂದು ಕಡೆ, ಮಕ್ಕಳು ಗೆದ್ದವರ ಕಡೆ. ಅಂಥ ಜಗಳ ನಮ್ಮ ಮನೆಗಳಲ್ಲಿ ವಾರಕ್ಕೊಂದು ಆದರೂ ಕೆಡುಕಿಲ್ಲ.

ಹುಡುಗ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡ. “ಮೊದಲು ಯಾವುದು ಮಾಡಲಿ ಟೀಚರ್ರೀ, ಗರಸೋ ಪೆಂಡಾಲೋ?” ಎಂದು ಕೇಳಿದ. ಎರಡೂ ಅಲ್ಲ, ಬಯಲಿನ ಮೂಲೆಯಲ್ಲಿ ಹೆಂಗಸರಿಗೆ ಒಂದು ಶೌಚಾಲಯ, ಅದಕ್ಕೆ ನೀರು, ಒಳಗಿನಿಂದ ಹಾಕಿಕೊಳ್ಳಲು ಚಿಲಕ ಇರುವ ಒಂದು ಬಾಗಿಲು ಎಂದೆ. ಅವನು ಅದನ್ನು ಕೊನೆಗೆ ಬರೆದ. ನಾನು ಹಾಳೆ ತೆಗೆದುಕೊಂಡು ಅದರ ಮುಂದೆ ಒಂದು ಎಂದು ನಂಬರು ಹಾಕಿ ಕೊಟ್ಟೆ.